ಕೈ ಹಿಡಿಯುವ ಸಾಲ, ಕತ್ತು ಹಿಡಿಯುವ ಸಾಲ: ಮಲೆನಾಡಿನ ಸಂಘ ಮತ್ತು ಫೈನಾನ್ಸ್

ಮಲೆನಾಡಿನ ಕೂಲಿ ಮನೆಯ ಹೆಂಗಸಿಗೆ ಅಡಮಾನವಿಲ್ಲದೆ ಇಪ್ಪತ್ತು ಮೂವತ್ತು ಸಾವಿರ ಬೇಕು ಅಂದರೆ ಈಗ ಮುಖ್ಯವಾಗಿ ಎರಡು ಬಾಗಿಲು. ಒಂದು ಊರಿನದೇ ಸ್ವಸಹಾಯ ಸಂಘ. ಹತ್ತರಿಂದ ಇಪ್ಪತ್ತು ಜನ ಸೇರಿ ವಾರಕ್ಕಿಷ್ಟು ಅಂತ ಹಾಕಿ, ಅದನ್ನೇ ಒಳಗೊಳಗೆ ತಿರುಗಿಸಿ, ಸಾಕಾಗದಿದ್ದರೆ ಬ್ಯಾಂಕಿನಿಂದ ಸಾಲ ತರುತ್ತಾರೆ. ಇನ್ನೊಂದು ಬೈಕಿನಲ್ಲಿ ಬರುವ ಮೈಕ್ರೋ ಫೈನಾನ್ಸ್, ಅಂದರೆ ಗುಂಪು ಕಟ್ಟಿಸಿ ಸಣ್ಣ ಸಾಲ ಕೊಡುವ ಕಂಪನಿ. ಊರಲ್ಲಿ ಎರಡಕ್ಕೂ ‘ಸಂಘದ ದುಡ್ಡು’ ಅಂತಲೇ ಹೆಸರು, ಗೊಂದಲ ಶುರುವಾಗುವುದೇ ಅಲ್ಲಿ. ಯಾವುದರಲ್ಲಿ ಎಷ್ಟು ಬಡ್ಡಿ ಬೀಳುತ್ತದೆ, ಎಲ್ಲಿ ಕೆಡುತ್ತದೆ, ತೆಗೆದುಕೊಂಡವರನ್ನು ಒಳಗಿನಿಂದ ಏನು ಮಾಡುತ್ತದೆ ಅನ್ನುವುದನ್ನು ಇಲ್ಲಿ ಒಟ್ಟಿಗೇ ನೋಡಿದ್ದೇವೆ. ಒಳಗಿನ ಈ ಮಾತು ಸಾಲದ ವಿಷಯಕ್ಕೆ ಹೊರಗಿನದಲ್ಲ. ಅನ್ನದ ಋಣ, ಊರಿನ ಋಣ, ದೇವ ಋಣ, ಋಷಿ ಋಣ, ಪಿತೃ ಋಣ ಅನ್ನುವ ನಾಲಿಗೆಯೇ ಬ್ಯಾಂಕಿನ ಋಣವನ್ನೂ ಹೇಳುತ್ತದೆ.

ಮಲೆನಾಡಿಗೆ ಈ ವ್ಯವಹಾರ ಹೊಸದೂ ಅಲ್ಲ. ನಾಟಿ ಕಾಲದ ಮುಯ್ಯಾಳು ಲೆಕ್ಕ ಇದೇ: ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಎರಡಾಳು, ನಾಳಿದ್ದು ನಮ್ಮ ಗದ್ದೆಗೆ ನಿಮ್ಮದು. ಪತ್ರ ಇಲ್ಲ, ಬಡ್ಡಿ ಇಲ್ಲ, ಮರೆಯುವ ಹಾಗೂ ಇಲ್ಲ. ಮದುವೆ ಮನೆಯಲ್ಲಿ ಓದಿಸಿದ ಮುಯ್ಯಿ ಪುಸ್ತಕದಲ್ಲಿ ಉಳಿದು ಇನ್ನೊಂದು ಮದುವೆಯಲ್ಲಿ ತೀರುತ್ತದೆ. ಇದನ್ನು ಕಾಗದಕ್ಕೆ ತಂದ ಕೆಲಸದಲ್ಲೂ ಕನ್ನಡ ನಾಡಿನ ಪಾಲು ದೊಡ್ಡದು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಬಾಂಗ್ಲಾದೇಶದ ಜೋಬ್ರಾ ಎಂಬ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ 42 ಜನರಿಗೆ ಒಟ್ಟು 27 ಡಾಲರ್ ಕೊಟ್ಟದ್ದು 1976ರಲ್ಲಿ, ಈಗಿನ ಮೈಕ್ರೋ ಫೈನಾನ್ಸಿನ ಬೇರು ಅಲ್ಲಿಯದು. ಆ ಸಾಲಗಾರರಲ್ಲಿ ಬಿದಿರಿನ ಮೋಡಾ, ಅಂದರೆ ಕೂರುವ ಪೀಠ, ಹೆಣೆಯುವ ಹೆಂಗಸರಿದ್ದರು; ಬಿದಿರಿಗೆ ದುಡ್ಡು ಕೊಟ್ಟ ವ್ಯಾಪಾರಿಗೇ ಅವನು ಹೇಳಿದ ಬೆಲೆಗೆ ಮಾಲು ಕೊಡಬೇಕಿತ್ತು. ಬುಟ್ಟಿ ಹೆಣೆಯುವ ನಮ್ಮ ಮೇದಾರರಿಗೆ, ಮಂಡಿಯಲ್ಲಿ ಮುಂಗಡ ತಂದ ಸಣ್ಣ ಅಡಿಕೆ ಬೆಳೆಗಾರರಿಗೆ ಈ ಕಟ್ಟು ಏನೆಂದು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆಯ ಸ್ವಸಹಾಯ ಸಂಘದ ಬೇರು ಮಾತ್ರ ಬೇರೆ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಕುಸಿದಾಗ, ಅವುಗಳೊಳಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಇದ್ದ ಸಣ್ಣ ಗುಂಪುಗಳು ತಾವಾಗಿಯೇ ಬೇರೆ ಕೂತು ಸಾಲ ವಾಪಸ್ಸು ಕಟ್ಟತೊಡಗಿದವು. ಆ ಗುಂಪುಗಳ ಮೇಲೆಯೇ ಪದ್ಧತಿ ಬೆಳೆಯಿತು. ಗ್ರಾಮೀಣ ಸಾಲ ನೋಡಿಕೊಳ್ಳುವ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಮಾಡಿತು. ಸರ್ಕಾರದ ಗ್ರಾಮೀಣ ಜೀವನೋಪಾಯ ಯೋಜನೆಯಡಿಯ ಈಗಿನ ಸಂಜೀವಿನಿ ಸಂಘಗಳು ನಿಂತಿರುವುದೂ ಅದೇ ಪಾಯದ ಮೇಲೆ. ಅಂದರೆ ನಂಬಿಕೆ ಮೊದಲು, ದುಡ್ಡು ಆಮೇಲೆ. ಫೈನಾನ್ಸಿನಲ್ಲಿ ದುಡ್ಡು ಮೊದಲು ಬರುತ್ತದೆ, ಅದಕ್ಕಾಗಿ ಗುಂಪು ಕಟ್ಟುತ್ತಾರೆ.

ಸಂಘ ಗಟ್ಟಿಯೋ ಟೊಳ್ಳೋ ಅಂತ ತಿಳಿಯಲು ಬ್ಯಾಂಕಿನ ಸ್ಟೇಟ್‌ಮೆಂಟ್ ಬೇಡ, ಒಂದು ವಾರದ ಸಭೆ ನೋಡಿದರೆ ಸಾಕು. ಜಗಲಿಯಲ್ಲಿ ಚಾಪೆ ಹಾಸಿ ದುಂಡಗೆ ಕೂರುತ್ತಾರೆ. ಸಾಲಾಗಿ ಕೂತರೆ ಹಿಂದಿನವರು ಮಾತಾಡುವುದಿಲ್ಲ. ಪ್ರಾರ್ಥನೆ, ಹಾಜರಿ, ಹಿಂದಿನ ವಾರದ ನಡಾವಳಿ ಓದುವುದು. ಆಮೇಲೆ ನಡುವೆ ಒಂದು ಹರಿವಾಣ ಇಡುತ್ತಾರೆ. ಒಬ್ಬೊಬ್ಬರೂ ‘ಉಳಿತಾಯ ಐವತ್ತು, ಅಸಲು ಐನೂರು, ಬಡ್ಡಿ ಎಪ್ಪತ್ತು’ ಅಂತ ಗಟ್ಟಿಯಾಗಿ ಹೇಳಿ ಹರಿವಾಣಕ್ಕೆ ಹಾಕಬೇಕು. ಪುಸ್ತಕ ಬರೆಯುವವಳು ಅದನ್ನು ಲೆಡ್ಜರಿಗೂ ಆಕೆಯ ಪಾಸ್‌ಬುಕ್ಕಿಗೂ ಒಟ್ಟಿಗೇ ಏರಿಸಬೇಕು. ಹೊಸ ಸಾಲದ ಬೇಡಿಕೆ, ಚರ್ಚೆ, ಠರಾವು, ಸಹಿ. ಕೊನೆಗೆ ಇನ್ನೊಬ್ಬಳು ನಗದು ಎಣಿಸಿ ಕೈಯಲ್ಲಿ ಉಳಿದದ್ದು ಎಷ್ಟು ಅಂತ ಎಲ್ಲರಿಗೂ ಕೇಳಿಸುವ ಹಾಗೆ ಕೂಗುತ್ತಾಳೆ. ಪೆಟ್ಟಿಗೆ ಒಬ್ಬರ ಮನೆಗೆ, ಕೀಲಿ ಇನ್ನೊಬ್ಬರ ಮನೆಗೆ.

‘ಪಾಸ್‌ಬುಕ್ ಆಮೇಲೆ ಬರೀತೀನಿ, ಇಲ್ಲೇ ಇಟ್ಟು ಹೋಗಿ’ ಅನ್ನುವ ಮಾತು ಕೇಳಿಸಿತೋ, ಎಚ್ಚರವಾಗಬೇಕು. ಸಂಘಗಳಲ್ಲಿ ದುಡ್ಡು ಕರಗುವುದು ಕಳ್ಳತನದಿಂದ ಕಡಿಮೆ, ಈ ‘ಆಮೇಲೆ’ಯಿಂದ ಹೆಚ್ಚು. ಮೂರು ತಿಂಗಳು ಪಾಸ್‌ಬುಕ್ ಖಾಲಿ ಬಿದ್ದರೆ ಲೆಡ್ಜರಿನಲ್ಲಿ ಇರುವುದೇ ಸತ್ಯ. ಆ ಲೆಡ್ಜರಿನಲ್ಲಿ ವೈಟ್‌ನರ್ ಬಳಿದ ಜಾಗ ಕಂಡರೆ ಅಲ್ಲಿ ಯಾರದೋ ಕಂತು ಇದೆ ಅಂತಲೇ ತಿಳಿಯಬೇಕು. ತಪ್ಪಿದ್ದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿ ಅಂಕಿ ಬರೆದು, ಸಹಿ ಹಾಕಬೇಕು. ಸಂಘಗಳೆಲ್ಲ ಸೇರಿದ ಒಕ್ಕೂಟದ ಎಂಬಿಕೆಯವರು, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿಯರು, ಬಂದಾಗ ಮೊದಲು ಹೋಲಿಸಬೇಕಾದದ್ದು ಪಾಸ್‌ಬುಕ್ಕು, ಲೆಡ್ಜರು ಇವೆರಡನ್ನೇ.

ಲೆಕ್ಕ ಹೀಗೆ. ಹದಿನೈದು ಜನ ವಾರಕ್ಕೆ 50 ರೂಪಾಯಿ ಹಾಕಿದರೆ ವಾರಕ್ಕೆ 750, ವರ್ಷಕ್ಕೆ 39,000. ಅದರಲ್ಲಿ ಒಬ್ಬಳಿಗೆ 10,000 ರೂಪಾಯಿ, ತಿಂಗಳಿಗೆ ನೂರಕ್ಕೆ ಎರಡರಂತೆ, ಹತ್ತು ತಿಂಗಳಿಗೆ ಕೊಟ್ಟರು ಅನ್ನಿ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 200, ಆಮೇಲೆ 180, ಹೀಗೆ ಇಳಿದು ಕೊನೆಗೆ 20, ಒಟ್ಟು 1,100. ‘ಮೊದಲಿಂದ ಹಾಕಿಕೊಂಡು ಬಂದದ್ದು’ ಅಂತ ಪೂರ್ತಿ ಹತ್ತು ಸಾವಿರಕ್ಕೇ ಕೊನೆಯವರೆಗೂ ಬಡ್ಡಿ ಹಾಕಿದರೆ 2,000. ಸುಮಾರು ದುಪ್ಪಟ್ಟು. ಎಷ್ಟೋ ಸಂಘಗಳು ಗೊತ್ತಿಲ್ಲದೆ ಹೀಗೆ ತಮ್ಮವರನ್ನೇ ಸುಲಿಯುತ್ತಿವೆ. ಬಡ್ಡಿ ದರ ಫೈನಾನ್ಸಿನದ್ದಕ್ಕೆ ಸಮ ಅನ್ನಿಸಬಹುದು, ಆದರೆ ಈ 1,100 ಹೋಗುವುದು ಪೆಟ್ಟಿಗೆಗೆ, ಪೆಟ್ಟಿಗೆ ಅವಳದೂ ಹೌದು.

ಆರು ತಿಂಗಳು ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಈ ಐದೂ ಸರಿಯಿದ್ದರೆ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಬಹುದು. ಸಂಜೀವಿನಿಯಡಿಯ ಸಂಘಕ್ಕೆ 3 ಲಕ್ಷದವರೆಗೆ ಶೇ 7ರ ಬಡ್ಡಿ. 10 ಲಕ್ಷದವರೆಗೆ ಅಡಮಾನ ಕೇಳುವ ಹಾಗಿಲ್ಲ, ಸಂಘದ ಉಳಿತಾಯ ಖಾತೆಯನ್ನು ತಡೆಹಿಡಿಯುವ ಹಾಗೂ ಇಲ್ಲ. ‘ಒಂದು ಎಫ್‌ಡಿ ಇಡಿ, ಆಮೇಲೆ ನೋಡೋಣ’ ಅಂದರೆ ಯಾವ ನಿಯಮದಲ್ಲಿದೆ ಅಂತ ಬರಹದಲ್ಲಿ ಕೇಳಿ, ಒಕ್ಕೂಟದಿಂದ ಪತ್ರ ಕೊಡಿಸಬೇಕು.

ಸಂಘ ಹಾಳಾಗುವ ಘಟ್ಟವೂ ಇದೇ. 3 ಲಕ್ಷ ಬಂತು, ಹದಿನೈದು ಜನ, ತಲೆಗೆ ಇಪ್ಪತ್ತು ಸಾವಿರ. ಬೇಕಿದ್ದವರಿಗೂ ಬೇಡದವರಿಗೂ ಸಮಪಾಲು. ನ್ಯಾಯದ ಹಾಗೆ ಕಾಣುತ್ತದೆ, ನಿಜವಾಗಿ ಅದು ಚರ್ಚೆ ತಪ್ಪಿಸುವ ಉಪಾಯ. ಬೇಡದವಳು ತನ್ನ ಪಾಲನ್ನು ಭಾವನಿಗೋ ಪಕ್ಕದ ಮನೆಯವರಿಗೋ ಕೈಗಡ ಕೊಡುತ್ತಾಳೆ, ಅಲ್ಲಿಗೆ ಬೇನಾಮಿ ಸಾಲ ಹುಟ್ಟಿತು. ಐವತ್ತು ಸಾವಿರ ಬೇಕಿದ್ದವಳಿಗೆ ಇಪ್ಪತ್ತು ಸಾಲದೆ ಫೈನಾನ್ಸಿಗೂ ಕೈ ಒಡ್ಡುತ್ತಾಳೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ವಾಪಸ್ಸು ಸುರಿದು ಬಾ ಅಂದಳಂತೆ. ಅಕ್ಕ ಹುಟ್ಟಿದ ಉಡುತಡಿ, ಅಲ್ಲಮನ ಬಳ್ಳಿಗಾವಿ ಇರುವ ಜಿಲ್ಲೆಯಲ್ಲಿ ಈ ಕತೆ ಕೇಳದವರಿಲ್ಲ. ಸಾಲ ಹಂಚುವ ದಿನ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಈ ತಿಂಗಳು ನನಗೆ ಬೇಡ ಅಂತ ಹೇಳಿ ಆ ಪಾಲು ಬಿಟ್ಟುಕೊಡುವ ಒಬ್ಬಳಿದ್ದರೂ ಆ ಸಂಘ ಹತ್ತು ವರ್ಷ ಬಾಳುತ್ತದೆ.

ಬೇಕು ಅನ್ನುವುದಕ್ಕೂ ಸಂಘದಲ್ಲಿ ಒಂದು ಶಿಕ್ಷಣವಿದೆ. ‘ಎಮ್ಮೆ ಗಬ್ಬ ನಿಲ್ಲುತ್ತಿಲ್ಲ, ಮಾರಿ ಹಸು ತರಬೇಕು, ಹದಿನೆಂಟು ಸಾವಿರ ಕಡಿಮೆ ಬೀಳುತ್ತದೆ’ ಅಂತ ಹದಿನಾಲ್ಕು ಜನರ ಎದುರು ಹೇಳಬೇಕು. ಹಾಲು ಡೈರಿಗೆ ಎಷ್ಟು ಹೋಗುತ್ತದೆ, ಹಿಂಡಿಗೆ ಎಷ್ಟು, ಬತ್ತಿದ ಮೇಲೆ ಕಂತು ಎಲ್ಲಿಂದ ಅಂತ ಅವರು ಕೇಳುತ್ತಾರೆ. ಅರ್ಧ ಬೇಕುಗಳು ಆ ಚಾಪೆಯ ಮೇಲೇ ಉದುರಿಹೋಗುತ್ತವೆ. ಪ್ರಶ್ನೆ ಕೇಳಿದವಳೇ ಮುಂದಿನ ತಿಂಗಳು ಬೇಡಿಕೆ ಇಡುವವಳಾಗಿರುವುದರಿಂದ ಕೊಡುವ ಕೈಗೆ ಗರ್ವ ಬರುವುದಕ್ಕೂ ಜಾಗವಿಲ್ಲ. ದಾನಕ್ಕೂ ದಾಸೋಹಕ್ಕೂ ಶರಣರು ಹೇಳಿದ ವ್ಯತ್ಯಾಸ ಹೆಚ್ಚುಕಡಿಮೆ ಇದೇ.

ಈಗ ಫೈನಾನ್ಸ್. ಮೊದಲು ಅದರ ಒಳ್ಳೆಯ ಗುಣ ಹೇಳಬೇಕು: ಬೇಗ ಸಿಗುತ್ತದೆ, ರಸೀದಿ ಅಚ್ಚುಕಟ್ಟು, ಊರಿಗೆ ಹೊಸದಾಗಿ ಬಂದವರಿಗೆ, ಸಂಘಕ್ಕೆ ಸೇರಿಸಿಕೊಳ್ಳದ ಮನೆಯವರಿಗೆ ಬೇರೆ ದಾರಿಯೂ ಇಲ್ಲ. ಬಡ್ಡಿಯ ಲೆಕ್ಕ ಮಾತ್ರ ತಾವೇ ಹಾಕಿಕೊಳ್ಳಬೇಕು. 50,000 ಸಾಲ, ಇಳಿಕೆ ಲೆಕ್ಕದಲ್ಲಿ (ಉಳಿದ ಅಸಲಿಗೆ ಮಾತ್ರ ಬಡ್ಡಿ) ವರ್ಷಕ್ಕೆ ಶೇ 24, ಇಪ್ಪತ್ನಾಲ್ಕು ತಿಂಗಳು ಅಂದರೆ ಕಂತು ಸುಮಾರು 2,644. ಒಟ್ಟು ಕಟ್ಟುವುದು 63,450ರ ಹತ್ತಿರ. ಪ್ರೊಸೆಸಿಂಗ್ ಶುಲ್ಕ ಶೇ 1, ಅದರ ಮೇಲೆ ಜಿಎಸ್‌ಟಿ, ಸೇರಿ 590. ವಿಮೆಗೆ ಒಂದು ಸಾವಿರ ಅಂತಿಟ್ಟುಕೊಳ್ಳಿ. ಕೈಗೆ ಬರುವುದು 48,410. ಬಂದ ದುಡ್ಡಿಗೆ ಲೆಕ್ಕ ಹಾಕಿದರೆ ದರ ಶೇ 27 ದಾಟುತ್ತದೆ. ಇನ್ನು ನೋಂದಣಿ ಇಲ್ಲದ ಲೇವಾದೇವಿಯವರು ಹೇಳುವ ‘ನೂರಕ್ಕೆ ಬರೀ ಒಂದು’, ಅಂದರೆ ಪೂರ್ತಿ ಅಸಲಿಗೆ ವರ್ಷಕ್ಕೆ 12, ಇಳಿಕೆ ಲೆಕ್ಕದಲ್ಲಿ ಶೇ 21.5ರ ಆಚೀಚೆ. ಒಂದು ಅನ್ನುವುದು ಕಿವಿಗೆ ಇಂಪು, ಅಷ್ಟೇ.

ರಿಸರ್ವ್ ಬ್ಯಾಂಕಿನ 2022ರ ನಿಯಮ ಬಡ್ಡಿಗೆ ಮಿತಿ ತೆಗೆದುಹಾಕಿತು, ಬದಲಿಗೆ ಬೇರೆ ಬೇಲಿ ಹಾಕಿತು. ವರ್ಷಕ್ಕೆ 3 ಲಕ್ಷದವರೆಗಿನ ಆದಾಯದ ಕುಟುಂಬಕ್ಕೆ ಕೊಡುವ ಅಡಮಾನರಹಿತ ಸಾಲವೇ ಮೈಕ್ರೋ ಸಾಲ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಗಂಡ ಸೊಸೈಟಿಯಲ್ಲಿ ತಂದ ಸಾಲವೂ ಇದರೊಳಗೇ ಬರುತ್ತದೆ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ಮನೆಗೆ ಏಳೂವರೆ ಸಾವಿರವೇ ಗಡಿ. ನಿಯಮ ಸೋರುವುದೂ ಇಲ್ಲಿಯೇ, ಆದಾಯದ ಅಂಕಿ ಬಾಯಿಮಾತಿನಿಂದ ಫಾರಂ ಸೇರುತ್ತದೆ. ‘ಹಸು ಎರಡು ಅಂತ ಬರೀಲಾ ಅಕ್ಕ?’ ಅಂತ ಕೇಳಿದಾಗ ಹೂಂ ಅಂದರೆ, ಆ ಇಲ್ಲದ ಹಸುವಿನ ಹಾಲಿನಲ್ಲಿ ಕಂತು ಕಟ್ಟಬೇಕಾಗುತ್ತದೆ.

ಸಹಿಗೆ ಮುಂಚೆ ಬಡ್ಡಿ, ಶುಲ್ಕ ಎಲ್ಲ ಸೇರಿದ ವಾರ್ಷಿಕ ದರ ಬರೆದ ಮಾಹಿತಿ ಪತ್ರ ಕೊಡಬೇಕು. ಸಾಲದ ಕಾರ್ಡ್ ಓದಲು ಬರುವ ಭಾಷೆಯಲ್ಲಿರಬೇಕು. ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಕಂತು ತಡವಾದರೆ ದಂಡ ಬಾಕಿಯಾದ ಮೊತ್ತಕ್ಕೆ ಮಾತ್ರ, ಪೂರ್ತಿ ಸಾಲಕ್ಕಲ್ಲ. ಸಾಲದ ಜೊತೆ ಮಿಕ್ಸಿ, ಸೋಲಾರ್ ದೀಪ ತೋರಿಸಿದರೆ ತೆಗೆದುಕೊಳ್ಳುವುದು ಬಿಡುವುದು ಅವರವರ ಇಷ್ಟ. ವಸೂಲಿ ಮೊದಲೇ ಗೊತ್ತುಮಾಡಿದ ಜಾಗದಲ್ಲಿ ಆಗಬೇಕು. ಸಾಲಗಾರರು ಸತತ ಎರಡು ಸಲ ಅಥವಾ ಹೆಚ್ಚು ಅಲ್ಲಿಗೆ ಬಾರದಿದ್ದರೆ ಮಾತ್ರ ವಸೂಲಿಯವರು ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವ ಹಾಗಿಲ್ಲ. ಫೆಬ್ರವರಿ 2025ರ ಕರ್ನಾಟಕದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿತು, ಆಮೇಲೆ ಅದು ಕಾಯ್ದೆಯಾಯಿತು. ಇದರಿಂದ ಸಾಲವೇ ಮನ್ನಾ ಆಯಿತು ಅನ್ನುವ ಸುದ್ದಿ ಹಬ್ಬಿ ಅನೇಕರು ಕಂತು ನಿಲ್ಲಿಸಿದ್ದು ಮಾತ್ರ ತಪ್ಪು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಸಾಲವೇ.

ಹಾಗಿದ್ದರೆ ಕತ್ತು ಹಿಡಿಯುವುದು ಯಾವುದು? ಬಡ್ಡಿಗಿಂತ ಹೆಚ್ಚಾಗಿ, ಫೈನಾನ್ಸಿನ ಗುಂಪು ಜಾಮೀನು. ಐದು ಜನರಲ್ಲಿ ಒಬ್ಬಳು ಬರಲಿಲ್ಲ ಅಂದರೆ ಉಳಿದ ನಾಲ್ವರು ದುಡ್ಡು ಸೇರಿಸಿ ಅವಳ ಕಂತು ಕಟ್ಟುವವರೆಗೂ ಯಾರೂ ಏಳುವ ಹಾಗಿಲ್ಲ ಅನ್ನುವ ರೂಢಿ. ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂರುತ್ತಿದ್ದವಳ ಮನೆಗೆ ನಾಲ್ವರೂ ಹೋಗಿ ಜಗಲಿಯಲ್ಲಿ ಕೂರುತ್ತಾರೆ. ಅವಳು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಇಳಿಯುತ್ತಾಳೆ. ಅವತ್ತಿನ ಕಂತು ವಸೂಲಾಗುತ್ತದೆ, ನೆರೆಹೊರೆ ಹೋಗುತ್ತದೆ. ಆಮೇಲೆ ಅವಳು ಕಲಿಯುವುದು ಮುಚ್ಚಿಡುವುದನ್ನು: ಒಂದು ಕಡೆಯ ಕಂತಿಗೆ ಇನ್ನೊಂದು ಕಡೆಯ ಸಾಲ, ಗಂಡನಿಗೆ ಹೇಳದ ಮೂರನೆಯದು.

ಈ ಜಾಮೀನು ಬೇಕೇ ಬೇಕು ಅನ್ನುವುದೂ ನಿಜವಲ್ಲ. ಫಿಲಿಪೈನ್ಸಿನಲ್ಲಿ ಜೀನೆ ಮತ್ತು ಕಾರ್ಲನ್ ಎಂಬ ಅರ್ಥಶಾಸ್ತ್ರಜ್ಞರು, ಗುಂಪು ಸಭೆ ಉಳಿಸಿಕೊಂಡು ಗುಂಪು ಜಾಮೀನು ತೆಗೆದುಹಾಕಿದ ಕೇಂದ್ರಗಳನ್ನು ಹೋಲಿಸಿ ನೋಡಿದರು, ಮರುಪಾವತಿ ಕೆಡಲಿಲ್ಲ. ಕೋಲ್ಕತ್ತದ ಇನ್ನೊಂದು ಅಧ್ಯಯನದಲ್ಲಿ ತಿಂಗಳಿಗೊಮ್ಮೆ ಸೇರಿದವರಿಗಿಂತ ವಾರಕ್ಕೊಮ್ಮೆ ಸೇರಿದವರಲ್ಲಿ ಹೋಗಿಬರುವ ಬಳಕೆ ಬೆಳೆಯಿತು, ಮುಂದಿನ ಸಾಲದಲ್ಲಿ ಬಾಕಿಯೂ ಕಡಿಮೆಯಾಯಿತು. ದುಡ್ಡು ವಾಪಸ್ಸು ತರುವುದು ಹೆದರಿಕೆಗಿಂತ ಒಟ್ಟಿಗೆ ಕೂರುವ ರೂಢಿ ಅಂತ ಇವೆರಡನ್ನೂ ಸೇರಿಸಿ ಓದಬಹುದು. ನೇಮ ಹಿಡಿದವರಿಗೆ ಇದು ತಿಳಿದದ್ದೇ. ಶಿವರಾತ್ರಿಯ ಒಂದು ಜಾಗರಣೆಗಿಂತ ದಿನದ ಹತ್ತು ನಿಮಿಷದ ಜಪ ಕಷ್ಟ, ಫಲ ಕಾಣುವುದೂ ಅದರಲ್ಲೇ. ಒಬ್ಬರೇ ಕೂತರೆ ಮೂರನೇ ವಾರಕ್ಕೆ ತಪ್ಪುತ್ತದೆ, ಭಜನೆಗೆ ಹೋಗಿ ಕೂತರೆ ನಡೆಯುತ್ತದೆ.

ಹಾಗಾಗಿ ಸಂಘಗಳ ನಿಯಮಾವಳಿಯಲ್ಲಿ ಒಂದೇ ಸಾಲು ಹುಡುಕಿ ಅಂದರೆ ನಾವು ಹುಡುಕುವುದು ಇದು: ಕಂತು ಇಲ್ಲದಿದ್ದರೂ ಸಭೆಗೆ ಬರಬೇಕು. ಗೈರುಹಾಜರಿಗೆ ದಂಡ ಇರಲಿ, ಐದೋ ಹತ್ತೋ. ಬರಿಗೈಯಲ್ಲಿ ಬಂದವಳಿಗೆ ದಂಡ ಬೇಡ. ಎರಡಕ್ಕೂ ಒಂದೇ ದಂಡ ಹಾಕುವ ಸಂಘದಲ್ಲಿ ಬರಿಗೈಯವಳು ಬರುವುದನ್ನೇ ಬಿಡುತ್ತಾಳೆ. ಎರಡು ವಾರ ಬಿಟ್ಟವಳು ಮೂರನೇ ವಾರ ಮುಖ ತಪ್ಪಿಸುತ್ತಾಳೆ, ಆರನೇ ವಾರಕ್ಕೆ ಅವಳು ಸುಸ್ತಿದಾರಳು. ಬಂದು ಕೂತು ‘ಈ ವಾರ ಇಲ್ಲ’ ಅಂತ ಬಾಯಿಬಿಟ್ಟು ಹೇಳಿದವಳ ಸಾಲ ಮುಳುಗುವುದು ಅಪರೂಪ, ಯಾಕೆಂದರೆ ಅಲ್ಲೇ ಕಂತನ್ನು ಎರಡಾಗಿ ಒಡೆದು ಠರಾವು ಬರೆಯುತ್ತಾರೆ. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕು ಅನ್ನುವುದು ಇಸ್ಲಾಮಿನ ಕಟ್ಟಳೆ. ಬಡ್ಡಿಯೇ ಇಲ್ಲದ ಕರ್ಜೆ ಹಸನಾ ಅಲ್ಲಿಂದ ಬಂದದ್ದು. ದೇವರ ಮುಂದೆ ಹೋಗುವುದಕ್ಕೂ ಬರಿಗೈಯವಳಿಗಿರುವಂಥ ನಾಚಿಕೆಯೇ ಅಡ್ಡಿ. ವ್ರತ ತಪ್ಪಿದ ನಾಚಿಕೆಗೆ ದೇವಸ್ಥಾನದ ದಾರಿಯನ್ನೇ ಬಿಟ್ಟವರು ಎಷ್ಟೋ ಜನ.

ಮಳೆಗಾಲದ ವಿಷಯದಲ್ಲಿ ಎರಡೂ ಸೇವೆಗಳು ಮಲೆನಾಡಿಗೆ ಹೊಂದುವುದಿಲ್ಲ. ಕೂಲಿ ಮನೆಗೆ ದುಡ್ಡು ಓಡಾಡುವುದು ಅಡಿಕೆ ಗೊನೆಯ ಕೊಯ್ಲು, ಸುಲಿಯುವ ಕೆಲಸ ನಡೆಯುವ ದಸರಾದಿಂದ ಶಿವರಾತ್ರಿಯವರೆಗೆ. ಆರಿದ್ರಾ ಮಳೆ ಹಿಡಿದ ಮೇಲೆ ನಾಟಿಯ ಕೆಲವು ದಿನ ಬಿಟ್ಟರೆ ಕೆಲಸವಿಲ್ಲ, ಜೂನಿನಲ್ಲಿ ಶಾಲೆಯ ಖರ್ಚು ಬೇರೆ. ಕಂತು ಮಾತ್ರ ಹನ್ನೆರಡು ತಿಂಗಳೂ ಒಂದೇ. ಫೈನಾನ್ಸಿನವರ ಪಟ್ಟಿ ಬದಲಾಗುವುದಿಲ್ಲ. ಸಂಘದ ಒಳಸಾಲದಲ್ಲಿ ಬದಲಾಯಿಸಬಹುದು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಡ್ಡಿ ಮಾತ್ರ, ಅಕ್ಟೋಬರ್‌ನಿಂದ ದೊಡ್ಡ ಕಂತು. ಠರಾವಿನಲ್ಲಿ ಮೊದಲೇ ಬರೆದಿದ್ದರೆ ಅದು ಸುಸ್ತಿಯಲ್ಲ. ಕೋಲ್ಕತ್ತದಲ್ಲಿ ಮೊದಲ ಕಂತಿಗೆ ಎರಡು ತಿಂಗಳು ಬಿಡುವು ಕೊಟ್ಟು ನೋಡಿದಾಗ ಜನ ವ್ಯಾಪಾರಕ್ಕೆ ಹೆಚ್ಚು ಹಾಕಿದರು, ಬಾಕಿಯೂ ಏರಿತು. ಬಿಡುವು ಕೊಡುವ ಸಂಘ ಆ ಅಪಾಯ ಗೊತ್ತಿದ್ದೇ ಕೊಡಬೇಕು.

ಸಾಲ ತಂದವರೆಲ್ಲ ಉದ್ಯಮಿಗಳಾಗುತ್ತಾರೆ ಅನ್ನುವ ಭಾಷಣ ನಂಬಬೇಡಿ. ಹೈದರಾಬಾದಿನಲ್ಲಿ ಬ್ಯಾನರ್ಜಿ, ಡಫ್ಲೊ ಮತ್ತು ಜೊತೆಯವರು ಮಾಡಿದ ಅಧ್ಯಯನದಲ್ಲಿ ಮೊದಲೇ ವ್ಯಾಪಾರವಿದ್ದವರು ಇನ್ನಷ್ಟು ಹಾಕಿದರು. ಆರೋಗ್ಯ, ಮಕ್ಕಳ ಓದು, ಹೆಂಗಸರ ಮಾತಿನ ತೂಕದಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಗಿರಾಕಿ ಕಂಡವಳಿಗೆ ಭರಣಿ, ಉಪ್ಪು, ಮೆಣಸಿನ ಪುಡಿಗೆ ಸಾಲ ಸರಿ. ಗಿರಾಕಿ ಇಲ್ಲದವಳಿಗೆ ಸಾಲ ಗಿರಾಕಿ ತರುವುದಿಲ್ಲ.

ಅಂಕ ಕೊಡಲೇಬೇಕೆಂದರೆ, ಪುಸ್ತಕ ಸರಿಯಿರುವ ಸಂಘಕ್ಕೆ ಐದಕ್ಕೆ ನಾಲ್ಕು, ಪುಸ್ತಕ ಸರಿಯಿಲ್ಲದ್ದಕ್ಕೆ ಒಂದು. ನೋಂದಾಯಿತ ಫೈನಾನ್ಸಿಗೆ ಒಂದೇ ಸಾಲವಿದ್ದಾಗ ಎರಡೂವರೆ. ಎರಡನೆಯದು ತಂದ ದಿನವೇ ಅದು ಸೊನ್ನೆ.

ತೀರಿಸುವಾಗಲೂ ಕೆಲಸವಿದೆ. ಫೈನಾನ್ಸಿನ ಕೊನೆಯ ಕಂತು ಕಟ್ಟಿದ ಮೇಲೆ ಸಾಲ ತೀರಿದ ಪತ್ರ ಕೇಳಿ ಪಡೆಯಬೇಕು, ಒಂದೆರಡು ತಿಂಗಳ ನಂತರ ಕ್ರೆಡಿಟ್ ವರದಿಯಲ್ಲಿ ಖಾತೆ ಮುಚ್ಚಿದೆಯೇ ನೋಡಬೇಕು. ವರ್ಷಕ್ಕೊಮ್ಮೆ ಅದು ಪುಕ್ಕಟೆ. ಸಂಘದಲ್ಲಾದರೆ ಲೆಡ್ಜರಿನ ಆ ಪುಟದ ಕೆಳಗೆ ಎರಡು ಗೆರೆ ಎಳೆದು ‘ಸಾಲ ತೀರಿದೆ’ ಅಂತ ಬರೆದು, ಗಟ್ಟಿಯಾಗಿ ಓದಿ, ಇಬ್ಬರು ಪ್ರತಿನಿಧಿಗಳ ಜೊತೆ ಆಕೆಯ ಸಹಿಯನ್ನೂ ಹಾಕಿಸುತ್ತಾರೆ. ಮುಂದಿನ ವಾರದ ಸಭೆಗೆ ಆಕೆ ಬರುವುದು ಐವತ್ತು ರೂಪಾಯಿ ಹಿಡಿದುಕೊಂಡು ಮಾತ್ರ.